ಅಜ್ಜನ ಗುಳಿಗೆಗೂ ಒಂದು ಅಮಾವಾಸ್ಯೆ

ಸ್ವಲ್ಪ ತಡೆಯಿರಿ, ಪುಟ ತಿರುಗಿಸಬೇಡಿ. ನಮ್ಮ ಅಜ್ಜನಿಗೆ ತಲೆನೋವು ಮರಳಿ ಬಂದ ಸಂತೋಷದ ಸುದ್ದಿ ಹೇಳುವುದಿದೆ. ತಲೆನೋವಿನಲ್ಲಿ ಎಂಥ ಸಂತೋಷ ಎಂದು ನಗಬೇಡಿ; ಅದನ್ನು ತಂದವನು ನಾನೇ.

ನಾನು ರಾಯಚೂರಿನ ಒಂದು ದವಾಖಾನೆಯಲ್ಲಿ ಕಂಪೌಂಡರ್. ಡಾಕ್ಟರು ಊಟಕ್ಕೆ ಹೋದಾಗಲೆಲ್ಲ ಅವರ ದಪ್ಪ ಪುಸ್ತಕ ಓದಿ ಅರ್ಧ ಡಾಕ್ಟರಾಗಿದ್ದೇನೆಂದು ನಂಬಿದವನು. ಅಜ್ಜನ ಎದೆನೋವಿಗೆ ಡಾಕ್ಟರು ನಾಲಿಗೆಯ ಕೆಳಗಿಡುವ ಗುಳಿಗೆ ಬರೆದರು, ನಾನು ಕೊಟ್ಟೆ. ಒಂದಿಟ್ಟರೆ ನೋವು ಇಳಿಯುತ್ತಿತ್ತು, ತಲೆ ಮಾತ್ರ ಸಿಡಿಯುತ್ತಿತ್ತು. ಅಜ್ಜನಿಗೆ ಅದೇ ಹೆಮ್ಮೆ. “ಖಡಕ್ ದವಾ ಅದ ನೋಡ್ರಿ!” ಎಂದು ಓಣಿಗೆಲ್ಲ ಸಾರಿ, ನೋವಿರಲಿ ಬಿಡಲಿ, ಗಂಟೆಗೊಂದು ಇಡತೊಡಗಿದ. ವಾರದಲ್ಲಿ ತಲೆನೋವು ಮಾಯವಾಯಿತು. ಅದರ ಬೆನ್ನಿಗೇ ಗುಳಿಗೆಯ ಗುಣವೂ ಮಾಯ. ಎದೆನೋವು ಜಗ್ಗಲಿಲ್ಲ.

“ಸುಣ್ಣದ ಗುಳಿಗಿ ಕೊಟ್ಟೀಯೇನಲೇ? ನಿನ್ನ ನಂಬಿ ಸಾಯ್ಬೇಕೇನು ನಾನು?” ಎಂದು ಅಜ್ಜ ರೇಗಿದ.

ಮರುದಿನ ದವಾಖಾನೆಗೆ ದೇವದುರ್ಗದ ಹನುಮಂತ ಬಂದ. ಹಿರೇಕೊಟ್ನೆಕಲ್ ಕಡೆ ಬಾವಿ ತೋಡುವಾಗ ಬಂಡೆಗೆ ಡೈನಮೈಟ್ ಇಟ್ಟು ಸಿಡಿಸುವವನು. ತಲೆನೋವಿಗೆ ಪುಡಿ ಬೇಕಂತೆ.

“ಅಮಾಸಿಗೆ ನಾವು ನೆಲ ಸಿಡಿಸಂಗಿಲ್ರಿ. ಎರಡು ದಿನ ಸುಮ್ಮ ಕುಂತು ಮತ್ತ ಡೈನಮೈಟ್ ಮುಟ್ಟಿದ್ರ ತಲಿ ಸಿಡೀತದ. ನಾಕು ದಿನಕ್ಕ ಮೈಗೆ ಒಗ್ಗತದ, ಆಮ್ಯಾಲ ಏನಿಲ್ಲ. ನಮ್ಮ ಮಾವ ಶಾಣ್ಯಾ, ರಜಾದಾಗೂ ರುಮಾಲಿನಾಗ ಅದನ್ನ ಒಂಚೂರು ಇಟ್ಕೊಂಡಿರ್ತಾನ. ತಲಿನೋವು ಹತ್ರ ಬರಂಗಿಲ್ಲ!”

“ಮತ್ತ ಹೆಂಡ್ತಿ?” ಎಂದೆ.

“ಆಕಿನೂ ಬರಂಗಿಲ್ರಿ!”

ನಗುತ್ತಿದ್ದವನು ತಟ್ಟನೆ ನಿಂತೆ. ಡೈನಮೈಟಿನಲ್ಲಿ ಇರುವುದೂ ಅಜ್ಜನ ಗುಳಿಗೆಯಲ್ಲಿ ಇರುವುದೂ ಒಂದೇ ವಸ್ತು ಎಂದು ದಪ್ಪ ಪುಸ್ತಕದಲ್ಲಿ ಓದಿದ್ದೆನಲ್ಲ! ಅಜ್ಜನ ಮೈಗೂ ಗುಳಿಗೆ ಒಗ್ಗಿಹೋಗಿದೆ ಎನ್ನಲು ಡಾಕ್ಟರ ಬಳಿ ಓಡಿದೆ. ಮೊದಲ ಸಲ ನನಗೆ “ಶಾಭಾಶ್” ಎಂದವರು, ತಾವೇ ಮನೆಗೆ ಬಂದು ಅಜ್ಜನ ನಾಡಿ ಹಿಡಿದರು. “ಎರಡು ದಿನ ಹಾಸಿಗಿ ಬಿಟ್ಟು ಏಳಬ್ಯಾಡ್ರಿ, ಗುಳಿಗಿ ಮುಟ್ಟಬ್ಯಾಡ್ರಿ ಯಜಮಾನ್ರ. ಆಮ್ಯಾಲ ನೋವು ಬಂದಾಗಷ್ಟೇ ಇಡ್ರಿ. ಗುಳಿಗಿಗೂ ಅಮಾಸಿ ಬೇಕು.”

ಮೂರನೆಯ ದಿನ ಹೊಸ್ತಿಲು ದಾಟುವಾಗ ಅಜ್ಜ ಎದೆ ಹಿಡಿದುಕೊಂಡ. ಗುಳಿಗೆ ಇಟ್ಟೆ. ಮನೆಯವರೆಲ್ಲ ಸುತ್ತ ನೆರೆದರು. ಅಜ್ಜನ ಕೈ ಮೆಲ್ಲಗೆ ಎದೆಯಿಂದ ತಲೆಗೆ ಏರಿತು.

“ಬಂತಲೇ ಬಂತು! ತಲಿ ಸಿಡ್ಯಾಕತ್ತದ! ನನ್ನ ಮೊಮ್ಮಗ ಶಾಣ್ಯಾ ಅದಾನ!”

ಓಣಿಯೆಲ್ಲ ಬೆರಗಾಯಿತು. ನಾನೂ ಅಜ್ಜನ ಹಾಗೆಯೇ ಈ ಕಥೆಯನ್ನು ಗಂಟೆಗೊಂದು ಸಲ ಹೇಳತೊಡಗಿದೆ. ವಾರದಲ್ಲಿ ಎಲ್ಲರಿಗೂ ಒಗ್ಗಿಹೋಯಿತು. “ಅಲ್ರೀ, ನಿಮ್ಮ ಕಥಿಗೂ ಒಂದು ಅಮಾಸಿ ಕೊಡ್ರಿ,” ಎಂದಳು ಹೆಂಡತಿ. ಒಂದು ತಿಂಗಳು ಬಾಯಿ ಕಟ್ಟಿ ಇಂದು ನಿಮಗೆ ಹೇಳಿದ್ದೇನೆ. ಯಾವ ಔಷಧವಾದರೂ ನಿಮ್ಮ ಮೈಗೆ ಹೀಗೆ ಒಗ್ಗಿಹೋಗಿದ್ದರೆ ದಯವಿಟ್ಟು ಬರೆಯಿರಿ. ನನ್ನ ಕಥೆಯಿಂದ ಗುಣ ಕಂಡಿತೋ, ಬರೀ ತಲೆನೋವು ಬಂತೋ, ಅದನ್ನೂ ಬರೆಯಿರಿ.