ಆಕಾಶದೋನ ಮೂರು ಮುಖ

ಟಿ.ವಿ. ರಿಪೇರಿ ಅಂಗಡಿ ಇಟ್ಟವನನ್ನ ನಗೆಪಾಟಲು ತಾನಾಗೇ ಹುಡುಕಿಕೊಂಡು ಬರುತ್ತೆ. ಅವನು ನನ್ನಂಥ ಬಾಯಿಬಡುಕನೂ ಆಗಿದ್ದರೆ ಬಂದದ್ದು ವಾಪಸ್ ಹೋಗೋದೇ ಇಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಅರಸೀಕೆರೆ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ನನ್ನ ಅಂಗಡಿ. ಭಾನುವಾರ ಬೆಳಿಗ್ಗೆ ಹಿಂದಿಯಲ್ಲೊಂದು ಧಾರಾವಾಹಿ ಬರ್ತಿತ್ತು. ಇನ್ನು ಮುನ್ನೂರು ವರ್ಷ ಆದಮೇಲೆ ನಡೆಯೋ ಕತೆ. ಹೀರೋ ಬೆಳ್ಳಿ ಬಣ್ಣದ ಅಂಗಿ ತೊಟ್ಟು, ರಾಕೆಟ್ಟಿನಲ್ಲಿ ಗ್ರಹದಿಂದ ಗ್ರಹಕ್ಕೆ ಓಡಾಡಿಕೊಂಡು ಕೆಟ್ಟವರಿಗೆ ಬುದ್ಧಿ ಕಲಿಸೋನು. ಅವನಿಗೆ ಹಿಂದಿಯಲ್ಲಿ ಏನೋ ಉದ್ದನೆ ಹೆಸರಿತ್ತು. ನಮ್ಮೂರಲ್ಲಿ ಎಲ್ಲರೂ ‘ಆಕಾಶದೋನು’ ಅಂತಿದ್ವಿ.

ನಾಲ್ಕು ವರ್ಷದಲ್ಲಿ ಆ ಪಾತ್ರಕ್ಕೆ ಮೂರು ಜನ ಬಂದರು. ಮೊದಲನೆಯವನು ತೆಳ್ಳಗೆ, ಕಣ್ಣಲ್ಲೇ ಮಾತಾಡೋನು. ಎರಡನೆಯವನು ಗುಂಡಗೆ, ಯಾವಾಗಲೂ ನಗುಮುಖ. ಮೂರನೆಯವನಿಗೆ ಗುಂಗುರು ಕೂದಲು. ಮಾತು ಕಮ್ಮಿ, ಹಾರಾಟ ಜಾಸ್ತಿ. ನಾನು ಮೊದಲನೆಯವನ ಪಾರ್ಟಿ. ಎಂಥಾ ಪಾರ್ಟಿ ಅಂದರೆ, ಎಲೆಕ್ಷನ್ನಿನಲ್ಲಿ ಯಾರೂ ಅಷ್ಟು ಗಂಟಲು ಹರಿದುಕೊಂಡಿರಲಿಕ್ಕಿಲ್ಲ. ಪಕ್ಕದ ಹೋಟೆಲಿನವನು ಮೂರನೆಯವನ ಪಾರ್ಟಿ. “ಮುಖದಲ್ಲೇನೈತೆ ಸ್ವಾಮಿ, ಒಳಗಿರೋ ಮನುಷ್ಯ ಅವನೇ ತಾನೆ?” ಅಂತ ಅವನು. “ಮುಖ ಬದಲಾದ್ರೆ ಮನುಷ್ಯನೇ ಬದಲಾದಂಗೆ ಕಣ್ರೀ” ಅಂತ ನಾನು. ಈ ಕೂಗಾಟ ಬಸ್ಸಿಗೆ ಕಾಯೋರಿಗೆಲ್ಲ ಕೇಳೋದು.

ಆಗ ನನಗೆ ಮೂವತ್ತಮೂರು. ಮದುವೆ ಆಗಿರಲಿಲ್ಲ. ಅಮ್ಮನಿಗೆ ಅದೊಂದೇ ಕೊರಗು. ನಾನು ಹೊರಗೆ “ಆದ್ರೆ ಆಯ್ತು ಬಿಡಮ್ಮ” ಅಂತಿದ್ದೆ. ಒಳಗೊಳಗೇ ನನಗೂ ಅದೇ ಕೊರಗು. ಬಂದ ಸಂಬಂಧಗಳೆಲ್ಲ ಯಾಕೆ ತಪ್ಪಿಹೋದವು ಅಂತ ಕೇಳಿದರೆ ನಾಚಿಕೆ ಆಗುತ್ತೆ. ಎಲ್ಲದಕ್ಕೂ ಈ ಆಕಾಶದೋನೇ ಕಾರಣ.

ಅಜ್ಜಿಯ ಪಿಕ್ಚರ್ ಟ್ಯೂಬು

ನಮ್ಮ ಬೀದಿಯಲ್ಲೊಬ್ಬರು ಅಜ್ಜಿ. ಅವರ ಮೊಮ್ಮಗಳನ್ನ ನನಗೆ ತಂದುಕೊಳ್ಳೋ ಮಾತು ಹೆಚ್ಚುಕಮ್ಮಿ ಕುದುರಿತ್ತು. ಇಂಥಾ ಸಮಯದಲ್ಲಿ ಅಜ್ಜಿ ಟಿ.ವಿ. ಕೆಟ್ಟಿತು. ಭಾವೀ ಬೀಗರು ಅಂತ ನಾನೇ ಮೇಲೆ ಬಿದ್ದು ಹೋಗಿ, ಶನಿವಾರ ಹೊಸ ಪಿಕ್ಚರ್ ಟ್ಯೂಬ್ ಹಾಕಿಕೊಟ್ಟು ಬಂದೆ.

ಮಾರನೇ ದಿನ ಭಾನುವಾರ. ಆಕಾಶದೋನ ರಾಕೆಟ್ಟು ಯಾವುದೋ ಗ್ರಹದ ಮೇಲೆ ಬಿತ್ತು. ಇಡೀ ಅರಸೀಕೆರೆ ಉಸಿರು ಬಿಗಿಹಿಡಿದು ಕೂತಿದೆ, ಅಷ್ಟರಲ್ಲಿ ಕರೆಂಟ್ ಹೋಯ್ತು. ಕಾಲು ಗಂಟೆ ಬಿಟ್ಟು ಬಂದಾಗ ಅದೇ ಬೆಳ್ಳಿ ಅಂಗಿಯಲ್ಲಿ ಬೇರೆ ಯಾರೋ ಗುಂಡಣ್ಣ ನಗ್ತಾ ನಿಂತಿದ್ದಾನೆ. ಆ ಗ್ರಹದ ಡಾಕ್ಟ್ರು ಪ್ಲಾಸ್ಟಿಕ್ ಸರ್ಜರಿ ಮಾಡಿ ಹೊಸ ಮುಖ ಕೊಟ್ಟರು ಅನ್ನೋದು ಆ ಕಾಲು ಗಂಟೆಯಲ್ಲೇ ಬಂದುಹೋಗಿತ್ತಂತೆ. ನಮ್ಮೂರಿಗೆ ಅದು ಗೊತ್ತಾಗಲೇ ಇಲ್ಲ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯೋ ಮುಂಚೆ ಅಜ್ಜಿ ಅಂಗಡಿ ಮುಂದೆ ಹಾಜರು.

“ಏನಪ್ಪಾ, ನನ್ನ ಹಳೇ ಟ್ಯೂಬ್ ವಾಪಸ್ ಹಾಕ್ಕೊಡು. ಇದ್ರಲ್ಲಿ ಬೇರೆಯೋನು ಬರ್ತಾನೆ.”

“ಅಜ್ಜಿ, ಅದು ಟ್ಯೂಬಿನ ದೋಷ ಅಲ್ಲ. ಬಾಂಬೆಯಲ್ಲೇ ಆಳು ಬದಲಾಯಿಸಿದ್ದಾರೆ.”

“ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ರಿಪೇರಿ ಬರ್ದಿದ್ರೆ ಬರಲ್ಲ ಅನ್ನು.”

ನನಗೂ ರೋಷ ಬಂತು. ಮುಂದಿನ ಭಾನುವಾರ ಸರಿಯಾಗಿ ಧಾರಾವಾಹಿ ಹೊತ್ತಿಗೆ ಅಜ್ಜಿಯ ಕೈ ಹಿಡಿದು ಬೀದಿ ಉದ್ದಕ್ಕೂ ಮನೆ ಮನೆ ತೋರಿಸಿದೆ. “ನೋಡಿ, ಈ ಮನೇಲೂ ಗುಂಡಣ್ಣನೇ. ಆ ಮನೇಲೂ ಗುಂಡಣ್ಣನೇ. ಈಗ ನಂಬ್ತೀರಾ?” ಅಜ್ಜಿ ಒಂದೊಂದು ಮನೆಯಲ್ಲೂ ಯಜಮಾನಿಯನ್ನ ಒಂದೇ ಪ್ರಶ್ನೆ ಕೇಳಿದರು: “ನಿಮ್ಮ ಟಿ.ವಿ. ರಿಪೇರಿ ಮಾಡೋರು ಯಾರಮ್ಮಾ?”

ನಮ್ಮ ಬೀದಿಗೆಲ್ಲ ನಾನೊಬ್ಬನೇ ರಿಪೇರಿಯವನು.

ಐದನೇ ಮನೆ ಮೆಟ್ಟಿಲು ಇಳಿಯುವಾಗ ಅಜ್ಜಿ ನಿಂತು ನನ್ನ ಮುಖ ನೋಡಿ, “ಬೀದಿ ಪೂರ್ತಿ ಕೆಡಿಸಿಟ್ಟಿದ್ದೀಯಲ್ಲೋ! ನಿನ್ನ ಕೈಗೆ ನಮ್ಮ ಹುಡುಗೀನ ಕೊಟ್ರೆ ಅವಳ ಮುಖ ಏನು ಮಾಡ್ತೀಯೋ” ಅಂದರು.

ಗುಟ್ಟಾಗಿ ಬಂದ ಸೋದರಮಾವ

ಹೆಣ್ಣಿನ ಕಡೆಯವರು ಗಂಡನ್ನ ಗುಟ್ಟಾಗಿ ವಿಚಾರಿಸೋ ಪದ್ಧತಿ ಗೊತ್ತಲ್ಲ. ಹೋಟೆಲಿನಲ್ಲಿ ಕೇಳ್ತಾರೆ, ಕ್ಷೌರದಂಗಡೀಲಿ ಕೇಳ್ತಾರೆ, ಕೊನೆಗೆ ಗಿರಾಕಿ ವೇಷದಲ್ಲಿ ನಮ್ಮ ಮುಂದೇನೇ ಬಂದು ಕೂರ್ತಾರೆ. ಬಿಕ್ಕೋಡಿನ ಕಡೆಯ ಒಂದು ಹುಡುಗಿಯ ಸೋದರಮಾವ ಹಾಗೇ ಬಂದಿದ್ದರಂತೆ. ಕಂಕುಳಲ್ಲೊಂದು ಹಳೇ ರೇಡಿಯೋ. ಅವರ ಹಳ್ಳಿಯಲ್ಲಿ ಸುತ್ತ ಗುಡ್ಡ, ಟಿ.ವಿ. ಸಿಗ್ನಲ್ಲೇ ಸಿಗ್ತಿರಲಿಲ್ಲ. ಆಕಾಶದೋನು ಅಂದರೆ ಯಾರು ಅಂತಲೇ ಆ ಪುಣ್ಯಾತ್ಮರಿಗೆ ಗೊತ್ತಿಲ್ಲ. ಇದ್ಯಾವುದೂ ನನಗೆ ಆಗ ತಿಳಿಯದು. “ಕೂತ್ಕೊಳ್ಳಿ ಯಜಮಾನ್ರೇ” ಅಂತ ಬೆಂಚು ತೋರಿಸಿದೆ.

ಹಿಂದಿನ ದಿನವಷ್ಟೇ ಧಾರಾವಾಹಿಯಲ್ಲಿ ಮೂರನೆಯವನು ಬಂದಿದ್ದ. ಹೋಟೆಲಿನವನು ಬಾಗಿಲಲ್ಲಿ ನಿಂತು, “ಏನೇ ಹೇಳಿ, ಹೊಸಬನ ನಡಿಗೇಲಿ ಗತ್ತೈತೆ” ಅಂತ ಕೆಣಕಿದ. ಸುಮ್ಮನಿರಬಹುದಿತ್ತು. ಇರಲಿಲ್ಲ.

“ನಡಿಗೆ ಅಂದ್ರೆ ಏನು ಅಂತ ತೋರಿಸ್ತೀನಿ ನೋಡ್ರಿ” ಅಂತ ಎದ್ದೆ. ಎದೆ ಸೆಟೆಸಿ, ಕಣ್ಣು ಕೆಂಪಗೆ ಮಾಡಿ, ಗೋಡೆಯಿಂದ ಗೋಡೆಗೆ ಮೊದಲನೆಯವನ ಹಾಗೆ ನಡೆದೆ. ಆಮೇಲೆ ಹೊಟ್ಟೆ ಮುಂದೆ ಮಾಡಿ ಹಿಹಿಹಿ ಅಂತ ನಗುತ್ತಾ ಎರಡನೆಯವನಾದೆ. ಸೋದರಮಾವ ರೇಡಿಯೋ ಎದೆಗವಚಿಕೊಂಡು ಬೆಂಚಿನ ತುದಿಗೆ ಸರಿದರು. ಪಾಪ, ಬೆಂಚು ಇಕ್ಕಟ್ಟಾಯಿತೇನೋ ಅಂದುಕೊಂಡೆ. “ಈಗ ಮೂರನೆಯವನನ್ನ ನೋಡಿ” ಅಂತ ಕೈ ಬೀಸಿದೆ ನೋಡಿ, ಬಿಚ್ಚಿಟ್ಟಿದ್ದ ಟಿ.ವಿ.ಯ ಹೈ ವೋಲ್ಟೇಜ್ ವೈರಿಗೆ ಮೊಣಕೈ ತಗುಲಿತು. ಅಯ್ಯಯ್ಯಪ್ಪಾ! ಕಿರುಚಿಕೊಂಡು ಮೇಜು ಹಾರಿ ಆ ಕಡೆ ಬಿದ್ದೆ. ಹೋಟೆಲಿನವನು ಚಪ್ಪಾಳೆ ಹೊಡೆದು, “ಇದು ಸರಿ! ಮೂರನೆಯವನು ಹಿಂಗೇ ಹಾರೋದು” ಅಂದ. ಎದ್ದು ನೋಡ್ತೀನಿ, ಬೆಂಚಿನ ಮೇಲೆ ಯಜಮಾನರೂ ಇಲ್ಲ, ರೇಡಿಯೋನೂ ಇಲ್ಲ.

ಎರಡು ದಿನ ಬಿಟ್ಟು ಮದುವೆ ದಲ್ಲಾಳಿ ಮನೆಗೆ ಬಂದು ಅಮ್ಮನ ಹತ್ತಿರ ಪಿಸುಗುಟ್ಟಿದ: “ಹುಡುಗನ ಮೈಮೇಲೆ ಬತ್ತದಂತಲ್ಲಮ್ಮ. ಒಂದು ದೇವರಾಗಿದ್ರೆ ಹೆಂಗೋ ಸುಧಾರಿಸ್ತಿದ್ರಂತೆ. ಮೂರು ಬತ್ತವೆ, ಒಂದಕ್ಕೊಂದು ಆಗಲ್ಲ ಅಂದ್ರು.”

ಬೇಲೂರಿನ ಪಾಠ

ಅದಾದ ನಾಲ್ಕನೇ ದಿನ ಅಮ್ಮ, “ಹೋಗು, ಬೇಲೂರಲ್ಲಿ ಚೆನ್ನಕೇಶವನ ಮುಂದೆ ನಿಂತು ಕಂಕಣಭಾಗ್ಯ ಕೊಡಪ್ಪಾ ಅಂತ ಕೇಳ್ಕೊಂಡು ಬಾ. ಅಲ್ಲಾದ್ರೂ ಬಾಯಿ ಸರಿಯಾಗಿ ಉಪಯೋಗಿಸು” ಅಂತ ಹಣ್ಣು ಕಾಯಿ ಕೊಟ್ಟು ಬಸ್ಸು ಹತ್ತಿಸಿದಳು.

ಭಕ್ತಿಯಿಂದಲೇ ಹೋದೆ. ದೇವಸ್ಥಾನದ ಅಂಗಳದಲ್ಲಿ ಒಬ್ಬ ಗೈಡು ಸಿಕ್ಕ. ನನ್ನ ಹಳೇ ಗಿರಾಕಿ, ಎರಡನೆಯವನ ಪಾರ್ಟಿ. “ನಗುಮುಖದೋನನ್ನ ತೆಗೆದುಬಿಟ್ರಲ್ಲ ಸಾರ್” ಅಂತ ಅಲವತ್ತುಕೊಂಡ. ಅಷ್ಟೇ ಸಾಕಾಯ್ತು. ಸಾಲು ಸಾಲು ಶಿಲ್ಪಗಳಿರೋ ಹೊರಗೋಡೆ ಪಕ್ಕದಲ್ಲೇ ನಿಂತು, ಕೈಯಲ್ಲಿದ್ದ ಕೊಡೆಯನ್ನ ಆಡಿಸ್ತಾ ಶುರು ಮಾಡಿದೆ.

“ಮೊದಲನೆಯವನ ಕಣ್ಣು ನೋಡಿದ್ದೀರೇನ್ರೀ? ಏನು ತೇಜಸ್ಸು! ಎರಡನೆಯವನಿಗೆ ಹೊಟ್ಟೆ ಮುಂದೆ ಬಂದಿದೆ, ಯುದ್ಧ ಮಾಡೋ ಮೈಯಲ್ಲ ಅದು. ಮೂರನೆಯವನು ಬರೀ ಕಾಲು ಎತ್ತಿಕೊಂಡು ನಿಲ್ತಾನೆ, ಮುಖದಲ್ಲಿ ಭಾವನೇ ಇಲ್ಲ. ಆತುರದ ಕೆಲಸ. ಯಾರು ಸಿಕ್ಕರೋ ಅವರ ಕೈಲಿ ಮಾಡಿಸಿ ಮುಗಿಸಿದ್ದಾರೆ.”

ಹೀಗೆ ಎಷ್ಟು ಹೊತ್ತು ಕೊಚ್ಚಿದೆನೋ. ಗೈಡು ಯಾಕೋ ಬಾಯಿಗೆ ಕೈ ಅಡ್ಡ ಹಿಡಿದಿದ್ದ. ತಿರುಗಿ ನೋಡಿದರೆ ಸ್ಕೂಲ್ ಟೂರಿನವರು ನನ್ನ ಹಿಂದೆ ಎರಡು ಸಾಲು ನಿಂತು ನೋಟ್‌ಬುಕ್ಕಿನಲ್ಲಿ ಗೀಚ್ತಿದ್ದಾರೆ! ಮೇಡಂ ಬೇರೆ, “‘ಆತುರದ ಕೆಲಸ’ ಅಂತ ಅಂಡರ್‌ಲೈನ್ ಮಾಡ್ಕೊಳ್ಳಿ” ಅಂತ ಹೇಳಿಕೊಡ್ತಿದ್ದಾರೆ. ನಮಸ್ಕಾರ ಹಾಕಿ ಒಳಗೆ ಓಡಿದೆ. ಅಷ್ಟೊತ್ತಿಗೆ ಗರ್ಭಗುಡಿ ಬಾಗಿಲು ಹಾಕಿಯಾಗಿತ್ತು. ಕಂಕಣಭಾಗ್ಯದ ಅರ್ಜಿ ಬಾಯಲ್ಲೇ ಉಳೀತು.

ಸಪ್ಪೆ ಮೋರೆ ಹಾಕಿಕೊಂಡು ಗೋಪುರ ದಾಟ್ತಿದ್ದೆ. ಆ ಮೇಡಂ ಏದುಸಿರು ಬಿಡ್ತಾ ಓಡಿ ಬಂದರು: “ಸಾರ್, ಒಂದ್ನಿಮಿಷ! ಮೊದಲನೆಯವನೂ ಸಿಕ್ಕಿದ, ಹೊಟ್ಟೆಯವನೂ ಸಿಕ್ಕಿದ. ಮೂರನೆಯವನು ಯಾವ ಗೋಡೆ ಮೇಲಿದ್ದಾನೆ? ಮಕ್ಕಳು ಎರಡು ಸುತ್ತು ಹುಡುಕಿದ್ರು.”

ಹಗರೆಯಲ್ಲಿ

ಆ ವರ್ಷದ ಕೊನೆಗೆ ಹಗರೆಯಿಂದ ಒಂದು ಸಂಬಂಧ ಬಂತು. ದಲ್ಲಾಳಿ ಕೈಲಿ ಕಳಿಸಿದ್ದ ನನ್ನ ಫೋಟೋ ನೋಡಿ, “ಹುಡುಗನ್ನ ಕರ್ಕೊಂಡು ಬನ್ನಿ” ಅಂತ ಅವರೇ ಹೇಳಿ ಕಳಿಸಿದ್ದರು. ಇದೂ ತಪ್ಪಿದರೆ ಇನ್ನು ಯಾವ ಮನೆ ಬಾಗಿಲಿಗೂ ಬರಲ್ಲ ಅಂತ ಅಮ್ಮ ಬಸ್ಸಿನಲ್ಲೇ ಕಣ್ಣೀರು ಹಾಕಿದಳು. “ಆಕಾಶದೋನ ಹೆಸರು ಎತ್ತಲ್ಲ ಅಂತ ಮಾಲೇಕಲ್ಲು ತಿಮ್ಮಪ್ಪನ ಮೇಲೆ ಆಣೆ ಇಡು” ಅಂದಳು. ಇಟ್ಟೆ.

ಹುಡುಗಿಯ ತಂದೆ ರಾಗಿ ತೆಂಗು ಬೆಳೆಯೋರು, ನೇರ ಮನುಷ್ಯ. ನಮ್ಮನ್ನ ಕೂರಿಸಿ ನೀರು ಕೊಟ್ಟು, ಬಾಗಿಲಾಚೆ ಬಗ್ಗಿ ನೋಡಿ, “ಹುಡುಗ ಹಿಂದಿನ ಬಸ್ಸಲ್ಲಿ ಬತ್ತವ್ನಾ?” ಅಂದರು.

“ನಾನೇ ಹುಡುಗ” ಅಂದೆ.

ಅವರು ಗೂಡಿನಿಂದ ಫೋಟೋ ತೆಗೆದು ನೋಡಿದರು. ನನ್ನನ್ನ ನೋಡಿದರು. ಮತ್ತೆ ಫೋಟೋ ನೋಡಿದರು. “ಹಂಗಾದ್ರೆ ಇದ್ಯಾರು?”

ಅದೂ ನಾನೇ. ಎಂಟು ವರ್ಷದ ಹಿಂದೆ ಸ್ನೇಹಿತರ ಜೊತೆ ಹಳೇಬೀಡಿಗೆ ಹೋದಾಗ ತೆಗೆಸಿದ್ದು. ತಲೆ ತುಂಬಾ ಕೂದಲು, ಬಳುಕೋ ಸೊಂಟ, ಕಣ್ಣಲ್ಲಿ ಮಿಂಚು. ಎಂಟು ವರ್ಷವೂ ಅಮ್ಮ ಅದೇ ಫೋಟೋ ಕಳಿಸ್ತಾ ಬಂದಿದ್ದಳು. ಈ ನಡುವೆ ಕೂದಲು ಹೋಗಿತ್ತು, ಹೋಟೆಲಿನವನ ದೋಸೆಯಿಂದ ಹೊಟ್ಟೆ ಬಂದಿತ್ತು, ವೈರು ಬೆಸೆಯೋ ಸೋಲ್ಡರಿಂಗ್ ಹೊಗೆಗೆ ಸೋಡಾಗ್ಲಾಸ್ ಕನ್ನಡಕ ಬಂದಿತ್ತು.

ಅಷ್ಟರಲ್ಲಿ ಹುಡುಗಿ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟಳು. ನೋಡಿದ ಕೂಡಲೇ ನನಗೆ ಮನಸ್ಸಾಗಿಬಿಟ್ಟಿತು. ಸುಳ್ಳು ಯಾಕೆ ಹೇಳಲಿ. ಅವಳು ಅಪ್ಪನ ಕೈಯಿಂದ ಫೋಟೋ ತಗೊಂಡು, ನೇರವಾಗಿ ನನ್ನನ್ನೇ ಕೇಳಿದಳು.

“ಅರಸೀಕೆರೆ ಸ್ಟೇಷನ್ ರಸ್ತೆ ಟಿ.ವಿ. ಅಂಗಡಿಯವರು ನೀವೇ ಅಲ್ವಾ? ನಾನು ಅಲ್ಲಿಗೆ ಹೊಲಿಗೆ ಕಲಿಯೋಕೆ ಬರ್ತಿದ್ದೆ. ಮುಖ ಬದಲಾದ್ರೆ ಮನುಷ್ಯನೇ ಬದಲಾದಂಗೆ ಅಂತ ದಿನಾ ಕೂಗಾಡ್ತಿದ್ರಿ.”

ಅಮ್ಮ ನನ್ನ ತೊಡೆ ಚಿವುಟಿದಳು. ನಾನು ಉಪ್ಪಿಟ್ಟು ನೋಡ್ತಾ ಹೂಂ ಅಂದೆ.

“ನಾನು ಒಪ್ಪಿದ್ದು ಈ ಫೋಟೋದಲ್ಲಿರೋ ಮೊದಲನೆಯವನನ್ನ. ಇಲ್ಲಿ ಕೂತಿರೋದು ಎರಡನೆಯವನನ್ನೂ ದಾಟಿ ಬಂದ ಮೂರನೆಯವನು. ನಿಮ್ಮ ಲೆಕ್ಕದ ಪ್ರಕಾರ ನಾನೀಗ ಏನು ಮಾಡಬೇಕು? ನೀವೇ ಹೇಳಿ.”

ತಿಮ್ಮಪ್ಪಾ ತಪ್ಪಾಯ್ತು ಅಂತ ಮನಸ್ಸಲ್ಲೇ ಕೆನ್ನೆ ಬಡಿದುಕೊಂಡು ಬಾಯಿ ತೆರೆದೆ. “ನೋಡಿ, ಆಕಾಶದೋನ ವಿಷಯದಲ್ಲಿ ನಾನು ಹೇಳಿದ್ದು ಪೂರಾ ತಪ್ಪು. ಮುಖದಲ್ಲೇನಿದೆ? ಒಳಗಿರೋ ಮನುಷ್ಯ ಅವನೇ ತಾನೆ? ಮೊದಮೊದಲು ಕಣ್ಣಿಗೆ ಒಗ್ಗಲ್ಲ, ನಿಜ. ನಾಲ್ಕು ವಾರ ನೋಡಿ, ಅಭ್ಯಾಸ ಆಗುತ್ತೆ. ಮೊದಲನೆಯವನು ಚೆನ್ನಾಗೇ ಇದ್ದ. ಆದ್ರೆ ಬಿಟ್ಟು ಹೋದ್ನಲ್ಲ! ಮೂರನೆಯವನು ಪಾಪ, ಎಲ್ಲರ ಕೈಲೂ ಬೈಸಿಕೊಂಡು, ಬೇರೆಯವನ ಅಂಗಿ ತೊಟ್ಟುಕೊಂಡು, ಪ್ರತಿ ವಾರ ತಪ್ಪದೆ ಬರ್ತಾನೆ. ಗುಣ ನೋಡಬೇಕು ಕಣ್ರೀ, ಗುಣ!” ಎದ್ದು ನಿಂತು ಕೈ ಬೀಸ್ತಾ ಕಿರುಚ್ತಿದ್ದೆ. ಇಷ್ಟು ದಿನ ಹೋಟೆಲಿನವನ ಬಾಯಿ ಮುಚ್ಚಿಸಿದ್ದ ನಾನು, ಅವನ ಒಂದೊಂದು ಮಾತನ್ನೂ ಗಿಳಿಪಾಠದ ಹಾಗೆ ಒಪ್ಪಿಸಿದೆ.

“ಹಾಗಾದ್ರೆ ಮೂವರಲ್ಲಿ ಯಾರು ಚೆನ್ನ ಅಂತೀರಿ?”

“ಮೂರನೆಯವನೇ! ಅವನ ಮುಂದೆ ಇನ್ಯಾರೂ ಇಲ್ಲ!”

ಹುಡುಗಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅಪ್ಪನ ಕಡೆ ತಿರುಗಿ, “ಆಗಲಿ ಕಣಪ್ಪ, ಇವ್ರೇ ಇರ್ಲಿ” ಅಂದಳು. ನಾನು ಮತ್ತೆ ಕೂತು ಉಪ್ಪಿಟ್ಟಿನ ತಟ್ಟೆ ಕೈಗೆತ್ತಿಕೊಂಡೆ.

ಅಮ್ಮ ಕಣ್ಣು ಒರೆಸಿಕೊಂಡು, ಹುಡುಗಿಯ ಗಲ್ಲ ಹಿಡಿದು, “ಬದುಕಿದೆ ಕಣೇ ತಾಯಿ. ಇನ್ನು ಆ ಫೋಟೋ ಕೊಟ್ಬಿಡಮ್ಮ, ಇರೋದು ಅದೊಂದೇ” ಅಂತ ಕೈ ಚಾಚಿದಳು.

ಹುಡುಗಿ ಫೋಟೋನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. “ಇವ್ರನ್ನ ಬೇಕಾದ್ರೆ ಕರ್ಕೊಂಡು ಹೋಗಿ ಅತ್ತೆ. ಇವನು ಇಲ್ಲೇ ಇರ್ಲಿ.”