ಹೊನ್ನವಳ್ಳಿಯ ವಾಲಿದ ಮರದ ಕೇಸು

ನಾಲ್ಕು ಸಾಲು ಬರೆಯೋಣವೆಂದು ಕೂತರೆ ಮತ್ತೆ ಬಾಗಿಲು ಬಡಿತ. "ಲಾಯರಪ್ಪೋರು ಅವ್ರಾ?" ಬೆಳಗಿನಿಂದ ಇದು ಮೂರನೆಯದು. ಇಲ್ಲ ಎಂದರೆ ಹೋಗುವುದಿಲ್ಲ. ಜಗಲಿಯ ಮೇಲೆ ಕೂತು ನನಗೇ ಕೇಸು ಹೇಳಲು ಶುರು ಮಾಡುತ್ತಾರೆ. ತೊಟ್ಟಿಲಲ್ಲಿ ಮಗು ಅಳುತ್ತಿದ್ದರೆ, "ಅಳ್ಲಿ ಬುಡಿ ಅಮ್ಮಾವ್ರೆ, ಎದೆ ಗಟ್ಟಿಯಾಯ್ತದೆ" ಎಂದು ಮುಂದುವರಿಸುತ್ತಾರೆ. ತಿಪಟೂರಿನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ನಮ್ಮ ಯಜಮಾನರ ಆಫೀಸು. ಹಾಗಾಗಿ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತಲೇ ಇರುತ್ತದೆ.

ಮದುವೆಯ ಹೊತ್ತಿಗೆ ನಮ್ಮಪ್ಪ ನೆಂಟರಿಗೆಲ್ಲ "ಅಳಿಯ ಬ್ಯಾರಿಸ್ಟರು" ಎಂದು ಹೇಳಿಬಿಟ್ಟಿದ್ದರು. ಬ್ಯಾರಿಸ್ಟರಾಗಲು ಹಡಗು ಹತ್ತಬೇಕಂತೆ. ಇವರು ಹತ್ತುವುದು ತುರುವೇಕೆರೆ ಬಸ್ಸು. ಕೊಲೆ, ದರೋಡೆ ಇವರ ಹತ್ತಿರ ಸುಳಿಯುವುದಿಲ್ಲ. ಬೇಲಿ ಬೆಳೆಯಿತು, ಗೋಡೆ ಬಿರಿಯಿತು, ಹೆಂಚು ಒಡೆಯಿತು, ಇಷ್ಟೇ. ಅದರಲ್ಲಿ ಹೊನ್ನವಳ್ಳಿಯ ಇಬ್ಬರು ಓರಗಿತ್ತಿಯರ ಕೇಸು ನಮ್ಮ ಮನೆಯಲ್ಲಿ ಸುಮಾರು ಒಂದು ವರ್ಷ ಓಡಾಡಿತು.

೧. ಜಾಲಿ ಬಿತ್ತಿದವರು

ಇಬ್ಬರ ಗಂಡಂದಿರೂ ತೀರಿಕೊಂಡು, ಮನೆ ತೋಟ ಪಾಲಾಗಿತ್ತು. ನಡುವೆ ಒಂದು ಬೇಲಿ. ಹಿರಿಯಾಕೆ ನಮ್ಮ ಕಕ್ಷಿ. ಮೊದಲ ಸಲ ಬಂದಾಗ ಆಕೆಯ ದೂರು ಬಳ್ಳಾರಿ ಜಾಲಿಯ ಮೇಲೆ.

"ಅವಳು ಬೇಲಿಗೆ ಅಂತ ಜಾಲಿ ಹಾಕಿದ್ಲು ಸ್ವಾಮಿ. ಈಗ ನನ್ನ ತೆಂಗಿನ ಸಾಲಲ್ಲೆಲ್ಲ ಅದೇ ಎದ್ದೈತೆ. ಕಾಲಿಡಂಗಿಲ್ಲ."

ನಮ್ಮವರು ನೋಟೀಸು ಕಳಿಸಿದರು. ಅದು ತಲುಪಿದ ಮೂರನೇ ದಿನ ಕಿರಿಯಾಕೆ ನೋಟೀಸನ್ನು ಬಾವುಟದಂತೆ ಹಿಡಿದು ನಮ್ಮ ಬಾಗಿಲಿಗೇ ಬಂದಳು. ಹಿರಿಯಾಕೆಯೂ ಅಲ್ಲೇ ಇದ್ದಳು.

"ಬೇಲಿ ನಂದೇ. ಇಲ್ಲ ಅಂದವರ್ಯಾರು? ಆ ಜಾಲಿಕಾಯಿ ತಿಂದು ಇವಳ ತೋಟದಲ್ಲಿ ಹಿಕ್ಕೆ ಹಾಕೋ ಮೇಕೆ ಯಾರದು ಕೇಳಿ!"

ಹಿರಿಯಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮೇಕೆ ನಂದೇ ಅನ್ನಿ. ಅದಕ್ಕೇನು ಗೊತ್ತಾಯ್ತದೆ ಗಡಿ?"

ಇದನ್ನು ಹೇಗೆ ಬರೆಯುವುದೆಂದು ನಮ್ಮವರು ಪೆನ್ನು ಕಚ್ಚುತ್ತಾ ಕೂತರು. ನಾನು ಒಳಗಿನಿಂದಲೇ ಹೇಳಿದೆ: "ಮೇಕೆಗೂ ಒಂದು ನೋಟೀಸು ಕಳಿಸಿ. ತಿಂದು ಜೀರ್ಣ ಮಾಡಿಕೊಂಡರೆ ಕೇಸೇ ಮುಗಿಯಿತು."

೨. ಸಾಕ್ಷಿ

ಕೇಸು ಕೋರ್ಟು ಹತ್ತುವ ಹೊತ್ತಿಗೆ ಜಾಲಿ ಹಿಂದೆ ಬಿದ್ದು ಮರ ಮುಂದೆ ಬಂತು. ಕಿರಿಯಾಕೆಯ ಕಡೆಯ ಒಂದು ತೆಂಗಿನಮರ ಹಿರಿಯಾಕೆಯ ಹೆಂಚಿನ ಮನೆಯ ಮೇಲೆ ವಾಲಿಕೊಂಡಿತ್ತು. ನಮ್ಮ ಸೀಮೆಯಲ್ಲಿ ಕೊಬ್ಬರಿಗೆಂದು ಕಾಯಿ ಬಲಿತು ತಾನಾಗಿ ಉದುರುವವರೆಗೆ ಕಾಯುವವರೇ ಹೆಚ್ಚು. ಉದುರುವ ಕಾಯಿ ಬೀಳುತ್ತಿದ್ದುದು ಸೂರಿನ ಮೇಲೆ, ಅದೂ ಒಂದೇ ಕೋಣೆಯ ಮೇಲೆ. ಹಿರಿಯಾಕೆಯ ಒಬ್ಬಳೇ ಮಗಳು ಚೊಚ್ಚಲ ಬಾಣಂತನಕ್ಕೆ ಬಂದು ಮಲಗಬೇಕಾದ ಕೋಣೆ ಅದು.

"ಮಗೀನ ತಲೆ ಮ್ಯಾಲೆ ಬಿದ್ರೆ ಏನ್ ಗತಿ?" ಎಂದು ಆಕೆ ಕಣ್ಣಿಗೆ ಸೆರಗು ಒತ್ತಿಕೊಂಡಾಗ ನಾನು ತೊಟ್ಟಿಲಲ್ಲಿದ್ದ ನನ್ನ ಮಗುವನ್ನು ಎತ್ತಿಕೊಂಡೆ.

ಕಕ್ಷಿಗಾರರು ತೆಂಗಿನಕಾಯಿ ತರುವುದು ನಮ್ಮಲ್ಲಿ ವಿಶೇಷವಲ್ಲ. ಬರಿಗೈಯಲ್ಲಿ ಬಂದರೆ ವಿಶೇಷ. ಒಂದು ದಿನ ಆಕೆ ಗೋಣಿಚೀಲದಲ್ಲಿ ನಾಲ್ಕು ಕಾಯಿ ಇಟ್ಟು ಹೋದಳು. ಮೇಲೆ ಮಸಿಯಲ್ಲಿ ಒಂದು, ಎರಡು ಎಂದು ಬರೆದಿತ್ತು. ಅದೇನೋ ಸಂತೆಯ ಗುರುತೆಂದುಕೊಂಡು ನಾನು ಸುಲಿದು, ತುರಿದು, ಕಾಯಿ ಹೋಳಿಗೆ ಮಾಡಿದೆ. ನಮ್ಮವರು ಎರಡು ತಿಂದು ಮೂರನೆಯದಕ್ಕೆ ಕೈ ಹಾಕುತ್ತಾ, "ಆಫೀಸಿನ ಮೂಲೆಯಲ್ಲಿ ಒಂದು ಚೀಲ ಇತ್ತಲ್ಲ, ಎಲ್ಲಿಟ್ಟೆ?" ಎಂದರು.

"ಯಾಕೆ?"

"ಹೆಂಚು ಒಡೆದ ಕಾಯಿಗಳು ಕಣೇ. ನಾಳೆ ಕೋರ್ಟಿಗೆ ಹಾಜರುಪಡಿಸಬೇಕು."

"ಅರ್ಧ ಹಾಜರುಪಡಿಸಿಕೊಂಡಿದ್ದೀರಿ. ಇನ್ನರ್ಧ ತಟ್ಟೆಯಲ್ಲಿದೆ."

ಅವತ್ತು ಅವರು ನನ್ನ ಮೇಲೆ ಕೂಗಾಡಿದ್ದನ್ನು ಬರೆಯುವುದಿಲ್ಲ. ಮರುದಿನ ಹಿರಿಯಾಕೆಗೆ ನಾನೇ ತಪ್ಪೊಪ್ಪಿಕೊಂಡೆ. ಆಕೆ ನನ್ನ ಬೆನ್ನು ಸವರಿದಳು. "ಹೋಗ್ಲಿ ಬುಡಿ ಅಮ್ಮಾವ್ರೆ. ಮರದಲ್ಲಿ ಇನ್ನೂ ಬೇಕಾದಷ್ಟು ಸಾಕ್ಷಿ ಐತೆ."

೩. ಕಮಿಷನರ್ ಬಂದದ್ದು

ಕೋರ್ಟು ಜಾಗ ನೋಡಿ ಬರಲು ಇನ್ನೊಬ್ಬ ವಕೀಲರನ್ನು ಕಮಿಷನರ್ ಎಂದು ಕಳಿಸಿತು. ನಾನೂ ಹಟ ಹಿಡಿದು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹೋಗಿದ್ದೆ.

ಕಮಿಷನರು ಟೇಪು ಹಿಡಿದು ಅಳೆದೇ ಅಳೆದರು. ಬಿಸಿಲು. ಬಂದವರಿಗೆ ಎಳನೀರು ಕೊಡದಿದ್ದರೆ ಮರ್ಯಾದೆಯೇ? ಕಿರಿಯಾಕೆ ಮರ ಹತ್ತುವವನನ್ನು ಕರೆಸಿದಳು. ಅವನು ಹತ್ತಿರವಿದ್ದ ಮರವನ್ನೇ, ಅಂದರೆ ಕೇಸಿನ ಮರವನ್ನೇ ಹತ್ತಿದ. ಗೊನೆಗೆ ಹಗ್ಗ ಕಟ್ಟಿ ಇಳಿಸುವಾಗ ಹಗ್ಗ ಜಾರಿ, ಇಡೀ ಗೊನೆ ಸೂರಿನ ಮೇಲೆ ಧಡ್ ಎಂದಿತು. ಐದಾರು ಹೆಂಚು ಪುಡಿ.

ಕಮಿಷನರು ಬರೆಯಲು ಪೆನ್ನು ತೆಗೆದರು. ಕಿರಿಯಾಕೆ ಕೈ ಅಡ್ಡ ಹಿಡಿದಳು: "ಇದು ಮರ ಉದುರಿಸಿದ್ದಲ್ಲ ಸ್ವಾಮಿ, ನಾವು ಕೆಡವಿದ್ದು. ಇದನ್ನ ಬರೀಬ್ಯಾಡಿ."

ಈಗ ಹಿರಿಯಾಕೆ ಬಾಯಿಗೆ ಬಂದಂತೆ ಬೈಯುತ್ತಾಳೆಂದು ನಾನು ಮಗುವಿನ ಕಿವಿ ಮುಚ್ಚಿದೆ. ಆಕೆ ಒಡೆದ ಹೆಂಚು ನೋಡಿದಳು, ಕಮಿಷನರ ಬೆವರು ನೋಡಿದಳು, ಓರಗಿತ್ತಿಯ ಕಡೆ ತಿರುಗಿದಳು. "ನೋಡ್ತಾ ನಿಂತ್ಯಲ್ಲೇ! ಮೊದ್ಲು ಕೆತ್ತಿಕೊಡೇ ಅವರಿಗೆ, ಬಾಯಿ ಒಣಗಿ ನಿಂತವ್ರೆ."

೪. ವಾಯಿದೆ

ಹಿರಿಯಾಕೆಯ ಮಗಳಿಗೆ ಏಳು ತಿಂಗಳು ತುಂಬಿ ಎಂಟಕ್ಕೆ ಬಿತ್ತು. ಕೋರ್ಟಿನಲ್ಲಿ ವಾಯಿದೆ ಮೇಲೆ ವಾಯಿದೆ. ಮರ ಕಡಿಯಲು ಕಿರಿಯಾಕೆ ಒಪ್ಪಳು. ಮಕ್ಕಳಿಲ್ಲದವಳು, ಗಂಡ ನೆಟ್ಟ ಮರ. ಫಲ ಬಿಡುವ ತೆಂಗಿಗೆ ಕೊಡಲಿ ಹಾಕುವವರು ನಮ್ಮ ಕಡೆ ಯಾರಿದ್ದಾರೆ? ಮತ್ತೆ ಒಂದು ತಿಂಗಳು ಮುಂದಕ್ಕೆ ಹೋಯಿತೆಂದು ನಮ್ಮವರು ಹೇಳಿದಾಗ ಹಿರಿಯಾಕೆ ಸೊಂಟದ ಮೇಲೆ ಕೈಯಿಟ್ಟಳು.

"ನಿಮ್ಮ ಕೋರ್ಟಿಗೇನು, ಮುಂದಕ್ಕೆ ಹಾಕ್ತದೆ. ನನ್ನ ಮಗಳಿಗೆ ಹಂಗೆ ಮುಂದಕ್ಕೆ ಹಾಕೋಕೆ ಬರಲ್ಲವಲ್ಲ ಸ್ವಾಮಿ!"

ಹತ್ತಾರು ಕಾನೂನು ಪುಸ್ತಕ ಹಿಂದಿಟ್ಟುಕೊಂಡು ಕೂತಿದ್ದ ನಮ್ಮವರು ನನ್ನ ಮುಖ ನೋಡಿದರು. ನಾನು ಕಾಫಿ ತರಲು ಹೋದೆ.

೫. ಹೆರಿಗೆ ಆದಮೇಲೆ

ಇಬ್ಬರೂ ಸಾಕ್ಷಿ ಹೇಳಬೇಕಾದ ದಿನ ಕಡೆಗೂ ಗೊತ್ತಾಯಿತು. ಅದರ ಹಿಂದಿನ ದಿನ ಮಧ್ಯಾಹ್ನ ಹಿರಿಯಾಕೆ ಬಂದಳು. ನಮ್ಮವರು ತುರುವೇಕೆರೆಗೆ ಹೋಗಿದ್ದರು.

"ಮಗಳು ಹೆತ್ತಳು ಅಮ್ಮಾವ್ರೆ. ಗಂಡು."

"ಆ ಕೋಣೆಯಲ್ಲೇ?"

"ಎಲ್ಲಿ! ನೋವು ಕಾಣಿಸ್ಕೊಂಡ ದಿನ ಗಾಳಿ ಅಂದ್ರೆ ಗಾಳಿ. ಒಂದು ಕಾಯಿ ಬಿತ್ತು ನೋಡಿ, ಹೆಂಚು ಸಮೇತ ಮಂಚದ ಪಕ್ಕಕ್ಕೇ ಬಂತು. ಅವಳು ಬೇಲಿ ಮುರ್ಕೊಂಡು ಓಡಿಬಂದ್ಲು. 'ನಿನ್ನ ಕೇಸು ಹಾಳಾಗ್ಲಿ ಅಕ್ಕ, ಹುಡುಗೀನ ಇತ್ತ ತಾ, ನಮ್ಮನೇದು ತಾರಸಿ' ಅಂದ್ಲು. ಹೊತ್ಕೊಂಡೇ ಹೋದ್ವು. ಮಗ ಅವಳ ಮನೇಲೇ ಹುಟ್ಟಿದ. ಬಾಣಂತಿನೂ ಅಲ್ಲೇ ಅವ್ಳೆ, ನಾನೂ ಅಲ್ಲೇ."

"ಹಾಗಾದರೆ ಕೇಸು ವಾಪಸ್ ತಗೊಳ್ಳಿ, ಮುಗಿಯಿತಲ್ಲ."

"ಅದೆಂಗಾಯ್ತದೆ? ಹೆಂಚು ಒಡೆದಿದ್ದು ಸುಳ್ಳಾ? ಅವಳೂ ಬುಡಲ್ಲ, ನಾನೂ ಬುಡಲ್ಲ. ನಾಳೆ ಕೋರ್ಟಲ್ಲಿ ನೋಡ್ಕೋತೀವಿ."

"ಮತ್ತೆ ಇವತ್ತು ಬಂದದ್ದು ಯಾಕೆ?"

ಆಕೆ ಹತ್ತಿರ ಸರಿದು ದನಿ ತಗ್ಗಿಸಿದಳು.

"ಕಾಲ ಮ್ಯಾಲೆ ಹಾಕ್ಕೊಂಡು ಎಣ್ಣೆ ತಿಕ್ಕಿ ಎರೆಯೋಳು ಅವಳು. ಬಿಸಿನೀರು ಹುಯ್ಯೋಳು ನಾನು. ನಾಳೆ ಹತ್ತೂವರೆಗೆ ನಾವಿಬ್ರೂ ಇಲ್ಲಿ ಬಂದು ಜಗಳ ಆಡ್ತಾ ನಿಂತ್ರೆ, ಅಲ್ಲಿ ಮಗೀಗೆ ನೀರು ಹಾಕೋರು ಯಾರು ಅಮ್ಮಾವ್ರೆ?"