ಅಜ್ಜಿಯ ಬಾಳೆಬುಡದಲ್ಲಿ ಬಿಡಾರ ಹೂಡಿದ ಹೇನು ಮಹಾಶಯರಿಗೆ

ಕರಿಕೆ, ಕೊಡಗು ಜಿಲ್ಲೆ, ಮೈಸೂರು ರಾಜ್ಯ
ಮಾರ್ಚ್ ತಿಂಗಳು, ೧೯೬೦ನೆಯ ಇಸವಿ

ಮಾನ್ಯ ಬಾಳೆಹೇನು ಮಹಾಶಯರೇ,

ಸಮುದ್ರ ದಾಟಿ, ಘಟ್ಟ ಹತ್ತಿ, ದಾರಿಯುದ್ದಕ್ಕೂ ಸರ್ಕಾರಗಳ ಕಣ್ಣಿಗೆ ಮಣ್ಣೆರಚಿ ನಮ್ಮ ಹಿತ್ತಿಲಿಗೆ ಸಪರಿವಾರ ಚಿತ್ತೈಸಿರುವ ತಮ್ಮ ಪಾದಾರವಿಂದಗಳಿಗೆ, ಅವು ಆರೂ ಕ್ಷೇಮವಾಗಿರುವುದನ್ನು ಎಲೆಯ ಬುಡ ಸರಿಸಿ ಕಣ್ಣಾರೆ ಕಂಡಿರುವ ದೇರಪ್ಪನ ನಮಸ್ಕಾರಗಳು. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲದಿರುವುದರಿಂದ ನೇರವಾಗಿ ನಮ್ಮ ಅಕ್ಷೇಮವನ್ನೇ ಬಿನ್ನವಿಸುತ್ತಿದ್ದೇನೆ. ತಮಗೆ ಓದು ಬಾರದೆಂದು ನೆರೆಯವರು ನಗುತ್ತಾರೆ, ಆದರೆ ಓದಲು ಬರುವ ಅಧಿಕಾರಿಗಳಿಗೆ ಬರೆದಾಗ ಆದದ್ದೂ ಅಷ್ಟರಲ್ಲೇ ಇರುವುದರಿಂದ ನಾನು ಧೈರ್ಯಗೆಟ್ಟಿಲ್ಲ.

ತಾವು ಹೊಸಬರಾದ್ದರಿಂದ ನಮ್ಮ ಮನೆಯ ಪದ್ಧತಿಯನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ನನ್ನ ಹೆಂಡತಿ ಪೂವಮ್ಮ ಗಡಿಯಾಚೆಯ ಪಾಣತ್ತೂರಿನವಳು. ಮದುವೆಯಾಗಿ ಬರುವಾಗ ತನ್ನ ತಾಯಿ ಪೊನ್ನಮ್ಮನವರ ಹಿತ್ತಿಲಿನಿಂದ ಒಂದು ನೇಂದ್ರಬಾಳೆಯ ಕಂದನ್ನು, ಅಂದರೆ ಬುಡದ ಮರಿಯನ್ನು, ಸೆರಗಿನಲ್ಲಿ ಸುತ್ತಿಕೊಂಡು ಬಂದು ಇಲ್ಲಿ ನೆಟ್ಟಳು. ಆ ಮನೆತನದ ಹೆಣ್ಣುಮಕ್ಕಳೆಲ್ಲ ಹಾಗೆಯೇ ಮಾಡುವುದು. ಚಿನ್ನ ಮರೆತು ಬಂದರೂ ಕಂದು ಮರೆಯುವಂತಿಲ್ಲ. ಈಗ ನಮ್ಮ ಮಗಳು ಕಮಲಳಿಗೆ ಪೊನ್ನಂಪೇಟೆಯ ಕಡೆ ಮದುವೆ ಗೊತ್ತಾಗಿದೆ. ಅಜ್ಜಿಯ ಬಾಳೆಯಿಲ್ಲದೆ ಮಗಳನ್ನು ಬರಿಗೈಯಲ್ಲಿ ಕಳಿಸುವುದೆಂದರೆ ಪೂವಮ್ಮನಿಗೆ ಗಂಟಲಲ್ಲಿ ಅನ್ನ ಇಳಿಯದು, ಅವಳಿಗೆ ಇಳಿಯದಿದ್ದರೆ ನನಗೆ ಬಡಿಸುವವರಿಲ್ಲ.

ಇಂಥ ಹೊತ್ತು ನೋಡಿಕೊಂಡು ತಾವು ಬಂದಿರಿ. ಕೃಷಿ ಇಲಾಖೆಯವರು ಹೇಳುವಂತೆ, ತಾವು ಬಾಯಲ್ಲಿ ಹೊತ್ತು ಮೆರೆಸುತ್ತಿರುವ ಈ ರೋಗ ಸಿಲೋನಿನಿಂದ ಕೇರಳಕ್ಕೆ ಬಂದದ್ದಂತೆ. ಮನುಷ್ಯನಾದವನು ಅಲ್ಲಿಂದ ಇಲ್ಲಿಗೆ ಬರಬೇಕಾದರೆ ಪಾಸ್‌ಪೋರ್ಟ್, ಫೋಟೋ, ಸೂಜಿಮದ್ದು ಎಂದು ಚಪ್ಪಲಿ ಸವೆಯುವವರೆಗೆ ಅಲೆಯಬೇಕು. ಎಳ್ಳುಕಾಳಿಗಿಂತ ಸಣ್ಣವರಾದ ತಮಗೆ ಎಲೆಯ ಒಂದು ಸಂದು ಸಾಕಾಯಿತು. ತಾವು ಊಟ ಮಾಡಿ ಬಾಯಿ ಒರೆಸಿಕೊಂಡ ಬಾಳೆಯಲ್ಲಿ ಹೊಸ ಎಲೆಗಳು ಅಗಲವಾಗದೆ, ತುದಿಯಲ್ಲಿ ಒತ್ತೊತ್ತಾಗಿ ಪೊರಕೆಯ ಹಾಗೆ ನೆಟ್ಟಗೆ ನಿಲ್ಲುತ್ತವೆ, ಮತ್ತೆ ಆ ಗಿಡ ಜನ್ಮದಲ್ಲಿ ಗೊನೆ ಹಾಕುವುದಿಲ್ಲ. ನಮ್ಮ ಬಾಳೆಬುಡ ಪೂರ್ತಿ ಹಾಗೆ ನಿಂತಿದೆ. ತಮ್ಮ ಕೆಲಸದ ಅಚ್ಚುಕಟ್ಟನ್ನು ಮೆಚ್ಚಲೇಬೇಕು.

ಆರೋಗ್ಯವಂತ ಕಂದೊಂದನ್ನು ತರಲೆಂದು ಪೂವಮ್ಮ ತವರಿಗೆ ಹೋದಳು. ಮೊದಲು ನಾವು ಕೊಡಗು ರಾಜ್ಯ, ಅವರು ಮದ್ರಾಸು. ಈಗ ನಾವು ಮೈಸೂರು, ಅವರು ಕೇರಳ. ಇಷ್ಟೆಲ್ಲ ಹೆಸರು ಬದಲಾದರೂ ಅವಳ ಸೆರಗಿನಲ್ಲಿ ಏನಿದೆಯೆಂದು ಯಾರೂ ಕೇಳಿರಲಿಲ್ಲ. ಈಗ ಕೇರಳದ ಬಾಳೆಕಂದು ಈಚೆಗೆ ಬರಕೂಡದೆಂದು ಕಾನೂನಾಗಿ, ದಾರಿಗೆ ಅಡ್ಡ ಬಿದಿರು ಬಿದ್ದಿದೆ. ಬಿದಿರಿನ ಕಾವಲಿಗೆ ಮಂಡ್ಯದ ಕಡೆಯ ಜವರಿ ಎಂಬ ಸಾಧು ಮನುಷ್ಯನಿದ್ದಾನೆ. ಅವನು ಅಮ್ಮಾ ತಾಯೀ ಎನ್ನುತ್ತಲೇ ಅವಳ ಕಂದನ್ನು ಇಳಿಸಿಕೊಂಡು ಬರಿಗೈಯಲ್ಲಿ ಕಳಿಸಿದ.

ಕೇಳಿಕೊಂಡಾದರೂ ತರೋಣವೆಂದು ನಾನೇ ಹೋದೆ. ಹೋಗಿ ನೋಡುತ್ತೇನೆ, ಜವರಿಯ ಗುಡಿಸಲ ಹಿಂದೆ, ಅಂದರೆ ಅಪ್ಪಟ ಮೈಸೂರು ರಾಜ್ಯದ ನೆಲದಲ್ಲಿ, ಒಂದು ಬಾಳೆತೋಟ! ವರ್ಷದಿಂದ ಗೇಟಿನಲ್ಲಿ ಹಿಡಿದ ಕಂದುಗಳನ್ನೆಲ್ಲ ಪುಣ್ಯಾತ್ಮ ಸಾಲಾಗಿ ನೆಟ್ಟು, ಗೊಬ್ಬರ ಕೊಟ್ಟು, ನೀರು ಹೊಯ್ದು ಸಾಕಿದ್ದಾನೆ. ಅರ್ಧಕ್ಕರ್ಧ ಗಿಡಗಳ ತುದಿ ಪೊರಕೆ. ಸುಟ್ಟುಹಾಕಬೇಕೆಂದು ಆಜ್ಞೆಯಿರಲಿಲ್ಲವೇ ಎಂದು ಕೇಳಿದರೆ ಅವನು ಕೈಮುಗಿದು ಹೇಳಿದ: "ಜೀವ ಇರೋ ಕಂದು ಸಾಮಿ, ಬೆಂಕಿಗೆ ಹೆಂಗಾಕದು? ರಸ್ತೆ ದಾಟಕ್ಕಂತೂ ಬುಟ್ಟಿಲ್ಲ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೆ ಅವನೂ ಬೇಸಾಯಗಾರನ ಮಗ, ಏನೆಂದು ಬೈಯಲಿ? ಅಲ್ಲಿಂದ ಗಾಳಿ ಬೀಸಿದತ್ತ ಹಾರಿ ತಾವು ನಮ್ಮ ಮನೆಗೆ ಇಳಿದದ್ದು. ಸರ್ಕಾರಿ ಗೊಬ್ಬರದಲ್ಲಿ ಬೆಳೆದು ಸರ್ಕಾರಿ ಕಾವಲಿನಲ್ಲಿ ಮಲಗಿ ಎದ್ದವರನ್ನು ಸಾಮಾನ್ಯ ಕೀಟವೆಂದು ಕರೆದರೆ ಅಪಚಾರವಾದೀತು. ಅದಕ್ಕೇ ಮಹಾಶಯರೆಂದು ಬರೆದಿದ್ದೇನೆ.

ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ಇನ್ನು ಮುಂದೆ ಗಡಿ ದಾಟುವ ಮೊದಲು ಬಿದಿರಿನ ಬಳಿ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಬಾಯಿ ತೆರೆದು ಜವರಿಗೆ ತೋರಿಸಬೇಕು. ರೆಕ್ಕೆ ಬಂದ ಸದಸ್ಯರು ಎರಡೂ ರಾಜ್ಯಗಳ ನಕ್ಷೆಯನ್ನು ಬಾಯಿಪಾಠ ಮಾಡಿ, ಅಡ್ಡಗಾಳಿ ಬೀಸಿದಾಗ ಪ್ರಯಾಣ ಮುಂದೂಡಬೇಕು. ಸಿಲೋನಿನಲ್ಲಿ ತಮಗೆ ಬಂಧುಗಳಿದ್ದರೆ, ಇಲ್ಲಿ ಚಳಿ ವಿಪರೀತ, ಜನ ಸರಿಯಿಲ್ಲ ಎಂದು ದಯವಿಟ್ಟು ಹೇಳಿ ಕಳುಹಿಸಬೇಕು. ಇದಾವುದೂ ಆಗದಿದ್ದರೆ, ನಮ್ಮ ಕಮಲ ಗೃಹಪ್ರವೇಶ ಮಾಡುವವರೆಗಾದರೂ ಒಪ್ಪತ್ತು ಉಪವಾಸವಿರಬೇಕು.

ಇಲ್ಲಿಯವರೆಗೆ ಬರೆದು ಹೋದ ವಾರ ಎತ್ತಿಟ್ಟಿದ್ದೆ, ಉತ್ತರಕ್ಕೆ ಕಾಯಲು ಪುರುಸೊತ್ತಾಗಲಿಲ್ಲ. ಮೊನ್ನೆ ಇಲಾಖೆಯವರು ಬಂದು ಜವರಿಯ ತೋಟವನ್ನು ಸೀಮೆಎಣ್ಣೆ ಸುರಿದು ಸುಟ್ಟರು, ಅವನು ಆ ಕಡೆ ಮುಖ ತಿರುಗಿಸಿ ನಿಂತಿದ್ದ. ಆಮೇಲೆ ನಮ್ಮ ಹಿತ್ತಿಲಿಗೆ ಬಂದರು. ನಾನು ಇನ್ನೊಂದು ವಾರ ನೋಡೋಣವೆಂದು ರಾಗ ಎಳೆಯುತ್ತಿರುವಾಗ ಪೂವಮ್ಮ ಒಳಗಿನಿಂದ ಕತ್ತಿ ತಂದಳು. "ಅಮ್ಮ ಕೊಟ್ಟ ಬಾಳೆ ಹೇಳಿ ಬುಟ್ಟರೆ ಊರವರ ಬಾಳೆನೂ ಹೋದು. ನಾನೇ ಕಡಿನೆ," ಎಂದಳು. ತಾಯಿ ಕೊಟ್ಟದ್ದೆಂದು ಉಳಿಸಿಕೊಂಡರೆ ಊರ ಬಾಳೆಯೂ ಹೋದೀತೆಂಬ ಲೆಕ್ಕ ಅವಳದು. ಕಡಿದಳು, ಬುಡ ಅಗೆಸಿ ಸುಡಿಸಿದಳು, ಕಣ್ಣೀರು ಹೊಗೆಯಿಂದ ಬಂತೆಂದು ಹೇಳಿದಳು. ಮಹಾಶಯರೇ, ಇದರಲ್ಲಿ ತಮಾಷೆ ಏನೂ ಇಲ್ಲ.

ತಾವು ಬೇರೆಲ್ಲೂ ವಂಶಾಭಿವೃದ್ಧಿ ಹೊಂದದಿರಲೆಂದು ಮನಸಾರೆ ಹಾರೈಸುವ,

ತಮ್ಮ ವಿಶ್ವಾಸಿ, ಅಂದರೆ ತಾವು ಮರಳಿ ಬಂದೇ ಬರುತ್ತೀರೆಂದು ಪೂರ್ಣ ವಿಶ್ವಾಸವಿರುವ,
ಕರಿಕೆಯ ದೇರಪ್ಪ

ಮರೆತ ಮಾತು: ಬುಡ ಸುಟ್ಟ ದಿನ ಕಮಲ ಹೇಳಿದಳು: "ಕಾನೂನು ಉಟ್ಟು ಕಂದಿಗೆ. ಅಜ್ಜಿಗೆ ಇಲ್ಲೆ." ಕಂದಿಗೆ ಉಂಟಾದ ಕಾನೂನು ಅಜ್ಜಿಗಿಲ್ಲವೆಂದ ಮೇಲೆ ಹೇಳಿ ಕಳಿಸಿದೆವು, ನಿನ್ನೆ ಪೊನ್ನಮ್ಮನವರು ಪಾಣತ್ತೂರಿನಿಂದ ಬಂದರು. ಜವರಿ ಅವರ ಗಂಟು ಬಿಚ್ಚಿಸಿ, ಎಲೆಅಡಿಕೆ ಚೀಲ ಕೊಡವಿ, ಬಾಳೆಯ ನಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಿದಿರು ಎತ್ತಿದ. ಮೊಮ್ಮಗಳ ಜೊತೆ ಅವರೇ ಪೊನ್ನಂಪೇಟೆಗೆ ಹೋಗಿ ಒಂದು ಮಳೆಗಾಲ ಪೂರ್ತಿ ಇರುತ್ತಾರಂತೆ. ಆ ಕಡೆ ತಮಗೆ ಪ್ರವಾಸದ ಯೋಚನೆಯಿದ್ದರೆ ತಿಳಿದಿರಲಿ: ಅಜ್ಜಿಗೆ ಕಣ್ಣು ಇನ್ನೂ ಚುರುಕು, ಹೆಬ್ಬೆರಳಿನ ಉಗುರು ಬಲು ಗಟ್ಟಿ.